ಒಗೆಯುವ ಕಲ್ಲಿನ ಬೊಮ್ಮಕ್ಕ

ಆನ್ಸಿಲ್ಲಾ ಡಿಮೆಲ್ಲೊ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ಎಕ್ಸ್‌ರೇ ತೆಗೆದವರು. ಜನರ ಎಲುಬುಗಳ ಸಾವಿರಾರು ಚಿತ್ರ ತೆಗೆದ ಕೈ ನಿವೃತ್ತಿಯ ದಿನದವರೆಗೆ ಒಬ್ಬರ ಮುಖದ ಫೋಟೋವನ್ನೂ ತೆಗೆದಿರಲಿಲ್ಲ. ಬಹರೈನಿನಿಂದ ರಜೆಗೆ ಬಂದ ತಂಗಿ ಜೆನಿಟಾ ಪೆಟ್ಟಿಗೆಯ ತಳದಿಂದ ಸೋಪಿನ ಡಬ್ಬಿಯಷ್ಟಿದ್ದ ಒಂದು ಹಳೆಯ ಕ್ಯಾಮೆರಾ ತೆಗೆದು, "ನನಗೆ ಮೊಬೈಲಿನಲ್ಲೇ ಎಲ್ಲ ಆಗ್ತದೆ, ನೀನೇ ಇಟ್ಟುಕೋ" ಎಂದು ಕೊಟ್ಟು ಹೋದಳು. ಹೊತ್ತು ಹೋಗದ ಆ ದಿನಗಳಲ್ಲಿ ಆನ್ಸಿಲ್ಲಾಗೆ ಅದೊಂದು ನೆವವಾಯಿತು.

ಕಾರ್ಕಳದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೋಕ್ಷಾ ಎಂಬ ಹುಡುಗಿ ತಿಂಗಳಿಗೊಂದು ಭಾನುವಾರ ಆಸಕ್ತರನ್ನು ಹಳೆಯ ಬಸದಿಗಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಆನ್ಸಿಲ್ಲಾ ಕೂಡ ಹೆಸರು ಕೊಟ್ಟರು. ಡಿಸೆಂಬರಿನಲ್ಲಿ ಹೋದದ್ದು ಕುಕ್ಕುಂದೂರಿನ ಒಂದು ಗೇರುಗುಡ್ಡೆಗೆ. ಅಲ್ಲಿ ಭೋಜಣ್ಣ ಎಂಬವರ ಮನೆಯ ಹಿಂದೆ, ಸೂರು ಕುಸಿದು ಎಷ್ಟೋ ಕಾಲವಾದ ಒಂದು ಪಾಳು ಬಸದಿ. ಮೂರು ಕಂಬ, ಅರ್ಧ ಬಾಗಿಲವಾಡ, ಹುಲ್ಲಿನಲ್ಲಿ ಚೆಲ್ಲಾಪಿಲ್ಲಿಯಾದ ಕಲ್ಲುಗಳು. ಉದ್ದುದ್ದ ಲೆನ್ಸಿನವರು ಕಂಬಗಳ ಸುತ್ತ ಮಂಡಿಯೂರಿ ಕುಳಿತರು. ಆನ್ಸಿಲ್ಲಾ ನಲವತ್ತಮೂರು ಫೋಟೋ ತೆಗೆದರು. ಹೆಚ್ಚಿನವು ವಾರೆಯಾಗಿದ್ದವು, ಏಳೆಂಟರಲ್ಲಿ ಅವರದೇ ಹೆಬ್ಬೆರಳು ಬಂದಿತ್ತು. ಜೊತೆಯಲ್ಲಿದ್ದ ಒಬ್ಬರು ಅವನ್ನು ನೋಡಿ, "ಬೇಜಾರು ಮಾಡಬೇಡಿ ಆಂಟಿ, ಈ ಕ್ಯಾಮೆರಾದಲ್ಲಿ ಇಷ್ಟೇ ಬರುವುದು" ಎಂದರು. ಸಮಾಧಾನಕ್ಕೆ ಹೇಳಿದ ಮಾತು ಆನ್ಸಿಲ್ಲಾಗೆ ಚುಚ್ಚಿತು. ಕೆಟ್ಟ ಮೆಷಿನ್ನಿನಲ್ಲೂ ಒಳ್ಳೆಯ ಎಕ್ಸ್‌ರೇ ತೆಗೆದವರಲ್ಲವೇ ಅವರು?

ಮುಂದಿನ ಶನಿವಾರ ಯಾರಿಗೂ ಹೇಳದೆ ನಿಟ್ಟೆಯ ಮನೆಯಿಂದ ಹೊರಟು, ಎರಡು ಬಸ್ಸು ಹಿಡಿದು ಜೋಡುರಸ್ತೆಯಲ್ಲಿ ಇಳಿದು, ಮಂಡಿನೋವಿನ ಕಾಲೆಳೆಯುತ್ತಾ ಗುಡ್ಡೆ ಹತ್ತಿದಾಗ ನಾಲ್ಕೂವರೆ ಗಂಟೆ.

ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಭೋಜಣ್ಣನಿಗೆ ಇದು ಅಷ್ಟು ಸರಿಬರಲಿಲ್ಲ. "ಮೊನ್ನೆ ಅಷ್ಟು ಜನ ತೆಗೆದಾಯಿತಲ್ಲ ಮಾರಾಯ್ರೆ. ಇನ್ನೆಂತ ಉಂಟು ತೆಗೆಯಲಿಕ್ಕೆ? ಪೇಪರಿನಲ್ಲಿ ಬಂದರೆ ನಾಳೆ ಯಾರಾದರೂ ಬಂದು ಇಲ್ಲಿ ಹುಲ್ಲು ಕೊಯ್ಯಬೇಡ ಅಂತಾರೆ."

"ಪೇಪರಿಗಲ್ಲ ಭೋಜಣ್ಣ, ನಾನು ಕಲಿಯುವುದು ಅಷ್ಟೇ."

"ಈ ಪ್ರಾಯದಲ್ಲಾ?" ಎಂದು ಅವರು ನಕ್ಕರು. "ಕಲಿಯಿರಿ, ಕಲಿಯಿರಿ. ಸೋಮವಾರ ಜೆಸಿಬಿ ಬರ್ತದೆ. ಕಂಬಗಳನ್ನು ಮುಟ್ಟುವುದಿಲ್ಲ. ಆದರೆ ಬಾವಿಯ ಸುತ್ತ ಸಿಮೆಂಟು ಹಾಕಿಸಿ, ಅಲ್ಲಿರುವ ಬಿಡಿಕಲ್ಲುಗಳನ್ನೆಲ್ಲ ಒಡೆದು ಕಂಪೌಂಡಿನ ಅಡಿಪಾಯಕ್ಕೆ ಹಾಕುವುದು."

ಅವರ ಹೆಂಡತಿ ಚಂಪಾ ಬಾವಿಯ ಬಳಿ ಬಟ್ಟೆ ಒಗೆದು ಮುಗಿಸಿ ಬಕೆಟು ಎತ್ತಿಕೊಳ್ಳುತ್ತಿದ್ದರು. "ಕೂತುಕೊಳ್ಳಿ ಬಾಯಮ್ಮ, ದಮ್ಮು ಕಟ್ಟಿದೆ ನಿಮಗೆ" ಎಂದರು, ಕ್ರೈಸ್ತ ಹೆಂಗಸರನ್ನು ಆ ಊರಿನವರು ಕರೆಯುವ ರೀತಿಯಲ್ಲಿ. ಆನ್ಸಿಲ್ಲಾ ಬಾವಿಕಟ್ಟೆಯ ಮೇಲೆ ಕುಳಿತರು. ಎದುರಿಗೆ ಒಗೆಯುವ ಕಲ್ಲು. ಮಂಚದ ಅರ್ಧದಷ್ಟು ದೊಡ್ಡ ಕರಿಕಲ್ಲು, ಒಗೆದು ಒಗೆದು ನುಣುಪಾದದ್ದು. ಸುಮ್ಮನೆ ಕೈ ಪಳಗಲೆಂದು ಅದರದೇ ಒಂದು ಫೋಟೋ ತೆಗೆದರು. ಫ್ಲಾಶ್ ಫಳಕ್ಕೆಂದಿತು, ಪರದೆಯ ಮೇಲೆ ಬರೀ ಬಿಳಿ ಹೊಳಪು. ಫ್ಲಾಶ್ ಆರಿಸುವ ಗುಂಡಿ ಹುಡುಕಲು ಐದು ನಿಮಿಷವಾಯಿತು. ಅಷ್ಟರಲ್ಲಿ ಪಡುವಣದ ಬಿಸಿಲು ಗೇರುಮರಗಳ ಅಡಿಯಿಂದ ನುಗ್ಗಿ ಕಲ್ಲಿನ ಮೈಯನ್ನು ಸವರಿಕೊಂಡು ಹೋಗುತ್ತಿತ್ತು. ಮತ್ತೊಂದು ತೆಗೆದರು.

ಈ ಸಲ ಪರದೆಯಲ್ಲಿ ಕಲ್ಲಿನ ಒಂದು ಮೂಲೆಯ ತುಂಬ ಸಣ್ಣ ಸಣ್ಣ ನೆರಳುಗಳಿದ್ದವು.

ಮೊದಲು ಬಿರುಕು ಎಂದುಕೊಂಡರು. ಕೂದಲೆಳೆಯಂಥ ಬಿರುಕುಗಳನ್ನು ಹುಡುಕಿಯೇ ಅವರ ಆಯುಷ್ಯ ಸಂದಿತ್ತು. ಎದುರಿನಿಂದ ಕಾಣದ್ದು ಬದಿಯಿಂದ ಕಾಣುತ್ತದೆಂದು ಹೊಸಬರಿಗೆ ಅವರೇ ಕಲಿಸಿದ್ದರು. ಆದರೆ ಬಿರುಕು ಹೀಗೆ ಸಾಲುಗಟ್ಟಿ ಬರುವುದಿಲ್ಲ. ಚಿತ್ರವನ್ನು ಹಿಗ್ಗಿಸಿದರು. ದುಂಡಗಿನ ಒಂದು ಆಕಾರ, ಪಕ್ಕದಲ್ಲಿ ಕೊಂಬಿನಂಥದ್ದು.

"ಚಂಪಕ್ಕಾ, ಈ ಕಲ್ಲಿನಲ್ಲಿ ಅಕ್ಷರ ಉಂಟಾ?"

"ಉಳಿಯ ಗುರುತು ಅದು. ನಾನು ಮದುವೆಯಾಗಿ ಬಂದಾಗಿನಿಂದ ಇದರಲ್ಲೇ ಒಗೆಯುವುದು."

ಆನ್ಸಿಲ್ಲಾ ಅಲ್ಲಿಂದಲೇ ಮೋಕ್ಷಾಗೆ ಫೋನ್ ಮಾಡಿ, "ನನಗೆ ಓದಲಿಕ್ಕೆ ಬರುವುದಿಲ್ಲ ಮಗಳೇ, ಆದರೆ ಇದು ಬಿರುಕು ಅಲ್ಲ, ಅದು ಮಾತ್ರ ಗೊತ್ತು" ಎಂದರು.

ಮೋಕ್ಷಾ ಮರುದಿನ ಮಧ್ಯಾಹ್ನವೇ ಆನ್ಸಿಲ್ಲಾರನ್ನೂ ಕರೆದುಕೊಂಡು ಬಂದಳು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಲ್ಲು ಮತ್ತೆ ಬೋಳಾಗಿತ್ತು. ಅವಳು ಬೆರಳಾಡಿಸಿ ನೋಡಿ, "ಎಂತದೋ ಉಂಟು, ಆದರೆ ತುಂಬ ಸವೆದಿದೆ" ಎಂದಳು. ಸಂಜೆಯವರೆಗೆ ಕಾಯಲು ಆನ್ಸಿಲ್ಲಾಗೆ ಮನಸ್ಸಿಲ್ಲ. "ಚಂಪಕ್ಕ, ದೊಡ್ಡ ಕನ್ನಡಿ ಉಂಟಾ?" ಎಂದು ಕೇಳಿದರು. ಚಂಪಾ ಮಲಗುವ ಕೋಣೆಯ ನಿಲುವುಗನ್ನಡಿಯನ್ನೇ ಹೊತ್ತು ತಂದರು. ಕನ್ನಡಿಯನ್ನು ನೆಲಕ್ಕೆ ತಾಗಿಸಿ ಹಿಡಿದು ಬಿಸಿಲನ್ನು ಅಡ್ಡಡ್ಡ ಹಾಯಿಸಿದಾಗ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು.

"ಅಲುಗಾಡಬೇಡಿ. ಉಸಿರು ಬಿಗಿಹಿಡಿಯಿರಿ. ಹಾಂ, ಈಗ ಬಿಡಿ" ಎಂದು ಆನ್ಸಿಲ್ಲಾ ಅಭ್ಯಾಸಬಲದಿಂದ ಹೇಳುತ್ತಿದ್ದರು. ಚಂಪಾ ನಿಜವಾಗಿಯೂ ಉಸಿರು ಬಿಗಿಹಿಡಿದು ನಿಂತರು.

ಮೋಕ್ಷಾ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿ, ಜಗಲಿಯಲ್ಲಿ ಕುಳಿತು ಎರಡು ಗಂಟೆ ತಲೆ ಎತ್ತಲಿಲ್ಲ. ಆಮೇಲೆ ಎಲ್ಲರನ್ನೂ ಕರೆದಳು.

"ಐದಾರು ನೂರು ವರ್ಷ ಹಿಂದಿನದ್ದು ಇರಬೇಕು. ಮೇಲಿನ ಸಾಲುಗಳು ಪೂರಾ ಹೋಗಿವೆ. ಕೆಳಗಿನದ್ದು ಹೀಗುಂಟು: ಬೊಮ್ಮಕ್ಕ ಎಂಬವಳು ಬಸದಿಯ ಆಹಾರದಾನಕ್ಕೆ ಗದ್ದೆ ಬಿಟ್ಟಳು. ಗದ್ದೆಯ ಹೆಸರೂ ಉಂಟು. ಕುಂಟಲ ಬೈಲು."

ಭೋಜಣ್ಣನ ಮುಖ ಸಟ್ಟನೆ ಬಿಗಿಯಿತು. ಗುಡ್ಡೆಯ ಬುಡದ ಅವರ ಗದ್ದೆಗೆ ಇವತ್ತಿಗೂ ಕುಂಟಲ ಬೈಲು ಎಂದೇ ಹೆಸರು.

"ಅಂದರೆ ಗದ್ದೆ ನಮ್ಮದಲ್ಲ ಅಂತಲಾ? ನೋಡಿ, ಇದಕ್ಕೇ ನಾನು ಫೋಟೋ ಬೇಡ ಅಂದದ್ದು!" ಎಂದು ಎದ್ದೇಬಿಟ್ಟರು. ಅದು ಹಳೆಯ ಕಾಲದ ದಾನ, ಈಗಿನ ದಾಖಲೆಯಲ್ಲಿ ನಿಮ್ಮ ಹೆಸರೇ ಇರುವುದು, ಯಾರೂ ಏನೂ ಮಾಡುವಂತಿಲ್ಲ ಎಂದು ಮೋಕ್ಷಾ ಎಷ್ಟು ಹೇಳಿದರೂ ಕಿವಿಗೊಡದೆ, ಹೆಗಲಿಗೆ ಬೈರಾಸು ಹಾಕಿಕೊಂಡು ಇಳಿದು ಹೋದರು.

ಆನ್ಸಿಲ್ಲಾಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಒಂದು ಮನೆಯ ನೆಮ್ಮದಿ ಕೆಡಿಸಿದೆನಲ್ಲಾ ಎಂದು ಕ್ಯಾಮೆರಾವನ್ನು ಚೀಲದೊಳಗೆ ತುರುಕಿದರು. "ಬೇಡದ ಕೆಲಸ ಮಾಡಿದೆ ಚಂಪಕ್ಕ. ನಾನು ಹೋಗ್ತೇನೆ."

"ಕೂತುಕೊಳ್ಳಿ. ಅವರು ಬರ್ತಾರೆ" ಎಂದರು ಚಂಪಾ. ಅವರ ಕಣ್ಣು ಕಲ್ಲಿನ ಮೇಲೆಯೇ ಇತ್ತು. "ಮೂವತ್ತು ವರ್ಷ ಆ ಹೆಂಗಸಿನ ಹೆಸರಿನ ಮೇಲೆ ಬಟ್ಟೆ ಬಡಿದೆನಲ್ಲ ಬಾಯಮ್ಮ. ಯಾರೂ ಒಂದು ಮಾತು ಹೇಳಲಿಲ್ಲ."

"ಯಾರಿಗೂ ಗೊತ್ತಿರಲಿಲ್ಲ ಚಂಪಕ್ಕ."

ಭೋಜಣ್ಣ ಬಂದಾಗ ಬಿಸಿಲು ಇಳಿದಿತ್ತು. ಕಾಲಿಗೆ ಕೆಸರು ಮೆತ್ತಿತ್ತು. ಗದ್ದೆಯ ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದಿರಬೇಕು. ಯಾರ ಮುಖವನ್ನೂ ನೋಡದೆ ನೇರ ಬಾವಿಯ ಬಳಿ ಹೋಗಿ ಕುಕ್ಕುರುಗಾಲಿನಲ್ಲಿ ಕುಳಿತರು. ಅಡ್ಡ ಬಿಸಿಲಿನಲ್ಲಿ ಅಕ್ಷರಗಳು ಈಗ ಬರಿಗಣ್ಣಿಗೇ ತೋರುತ್ತಿದ್ದವು.

"ಎಲ್ಲಿ ಉಂಟು ಕುಂಟಲ ಬೈಲು ಅಂತ?"

ಮೋಕ್ಷಾ ತೋರಿಸಿದಳು. ಅವರು ತೋರುಬೆರಳಿನಿಂದ ಆ ಅಕ್ಷರಗಳನ್ನು ಮೆಲ್ಲಗೆ ತಿದ್ದಿದರು.

"ಆ ಹೆಸರು ನನ್ನ ಅಜ್ಜಿ ಇಟ್ಟದ್ದು ಅಂತ ನಾನು ತಿಳಿದಿದ್ದೆ" ಎಂದರು ಕೊನೆಗೆ. "ಕುಂಟಲ ಅಂದರೆ ನೇರಳೆ ಅಲ್ಲವಾ, ಗದ್ದೆಯಲ್ಲಿ ಅದರ ಒಂದು ಮರವೂ ಇಲ್ಲ. ಯಾಕೆ ಆ ಹೆಸರು ಅಂತ ಕೇಳಿದರೆ ಅಜ್ಜಿ ಬೈಯುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ, ಪಾಪ." ಆಮೇಲೆ ಆನ್ಸಿಲ್ಲಾರತ್ತ ತಿರುಗಿದರು. "ಆ ಸಣ್ಣ ಡಬ್ಬಿಯಲ್ಲಿ ಇಷ್ಟು ಕಂಡದ್ದಾ ನಿಮಗೆ?"

"ಡಬ್ಬಿಯಲ್ಲಿ ಅಲ್ಲ ಭೋಜಣ್ಣ, ಬಿಸಿಲಿನಲ್ಲಿ ಕಂಡದ್ದು."

ಸೋಮವಾರ ಜೆಸಿಬಿ ಬಂತು, ಆದರೆ ಮೊದಲು ಮಾಡಿದ ಕೆಲಸವೇ ಬೇರೆ. ಭೋಜಣ್ಣ ಹಗ್ಗಕ್ಕೆ ಗೋಣಿ ಸುತ್ತಿ, ಡ್ರೈವರನ ಮೇಲೆ ಕೂಗಾಡುತ್ತಾ, ಕಲ್ಲನ್ನು ಎತ್ತಿಸಿ ಬಸದಿಯ ಕಂಬಗಳ ನಡುವೆ ನಿಲ್ಲಿಸಿದರು. ಎತ್ತುವಾಗ ಒಂದು ಅಂಚು ಚಕ್ಕೆಯೆದ್ದಿತು; ಅಕ್ಷರವಿದ್ದ ಭಾಗ ಉಳಿಯಿತು. ಉಳಿದ ಬಿಡಿಕಲ್ಲುಗಳನ್ನು ಮೋಕ್ಷಾ ನೋಡಿ ಮುಗಿಸುವವರೆಗೆ ಒಡೆಯುವುದು ಬೇಡವೆಂದಾಯಿತು. ಕಲ್ಲನ್ನು ಮ್ಯೂಸಿಯಮ್ಮಿಗೆ ಕೊಡುವ ಮಾತು ಬಂದಾಗ ಮಾತ್ರ ಅವರು, "ಗದ್ದೆ ಇಲ್ಲಿ, ಕಲ್ಲು ಅಲ್ಲಿ ಯಾಕೆ?" ಎಂದು ಒಪ್ಪಲಿಲ್ಲ. ಚಂಪಾಗೆ ಹೊಸ ಸಿಮೆಂಟು ಕಲ್ಲು ಬಂತು. ಅದರಲ್ಲಿ ನೊರೆ ಸರಿಯಾಗಿ ಬರುವುದಿಲ್ಲವೆಂದು ಅವರ ದೂರು.

ಮತ್ತೆ ಅದೇ ಗುಡ್ಡೆಗೆ ಬಂದ ಮುಂದಿನ ತಿರುಗಾಟದಲ್ಲಿ ಮೋಕ್ಷಾ ಆ ಕಲ್ಲಿನ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ತಂದಳು. ಚಿತ್ರ ಈಗಲೂ ಚೂರು ವಾರೆಯಾಗಿತ್ತು. ಉದ್ದ ಲೆನ್ಸಿನವರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾ, ಯಾವ ಸೆಟ್ಟಿಂಗ್ ಎಂದು ಆನ್ಸಿಲ್ಲಾರನ್ನು ಕೇಳಿದರು. "ಫ್ಲಾಶ್ ಆರಿಸಿದ್ದು, ಅಷ್ಟೇ" ಎಂದರು ಅವರು.

ಎಲ್ಲರೂ ಹೊರಟ ಮೇಲೆ ಚಂಪಾ ಆನ್ಸಿಲ್ಲಾರ ಮೊಣಕೈ ಹಿಡಿದು ಬದಿಗೆ ಎಳೆದರು. "ಬಾಯಮ್ಮ, ಗುಡ್ಡೆಯ ಆಚೆ ಇಂಥದ್ದೇ ಇನ್ನೊಂದು ಕಲ್ಲು ಉಂಟು. ಬಳ್ಳಿ ಮುಚ್ಚಿಕೊಂಡಿದೆ. ನಮ್ಮ ಇವರಿಗೂ ಗೊತ್ತಿಲ್ಲ, ನಾನು ಸೊಪ್ಪಿಗೆ ಹೋಗುವಾಗ ನೋಡಿದ್ದು."

"ಬಿಸಿಲು ಯಾವ ಹೊತ್ತಿಗೆ ಬೀಳ್ತದೆ ಅಲ್ಲಿ?"

ಚಂಪಾ ಕಣ್ಣು ಮುಚ್ಚಿ ಯೋಚಿಸಿದರು. "ಬೆಳಿಗ್ಗೆ. ಏಳೂವರೆ ಹೊತ್ತಿಗೆ ಬದಿಯಿಂದ ಬರ್ತದೆ."

"ಹಾಗಾದರೆ ನಾಳೆ ಮೊದಲ ಬಸ್ಸಿಗೇ ಬರ್ತೇನೆ" ಎಂದರು ಆನ್ಸಿಲ್ಲಾ. "ಕತ್ತಿ ನೀವು ತನ್ನಿ."