ಮಧ್ಯಾಹ್ನದ ತಪಾಸಣೆ

ನನ್ನ ಗಂಡ ಅಬ್ದುಲ್ ವಾಹಿದ್ ಆಸ್ಪತ್ರೆಗೂ ಮದುವೆ ಗಂಡಿನ ಹಾಗೆ ಹೋಗುವ ಮನುಷ್ಯ. ಆರು ತಿಂಗಳ ಹಿಂದೆ ಅಂಗವಿಕಲರ ಸರ್ಟಿಫಿಕೇಟಿಗೆಂದು ಮೊದಲ ಸಲ ಡಾಕ್ಟರ ಮುಂದೆ ಹೋದಾಗ ಇಸ್ತ್ರಿ ಮಾಡಿದ ಷರ್ಟು, ಕಿವಿಯ ಹಿಂದೆ ಅತ್ತರು, ನುಣ್ಣಗೆ ಬೋಳಿಸಿದ ಕೆನ್ನೆ. ಬೆಳಿಗ್ಗೆ ಹತ್ತಕ್ಕೆ ಮೊದಲನೇ ನಂಬರು ಇವರದೇ. ಡಾಕ್ಟರು ಅಂಗೈಯನ್ನು ಇವರ ಎಡಗಾಲಿನ ಪಾದಕ್ಕೆ ಕೊಟ್ಟು ಒತ್ತಿ ಅಂದರು. ಇಪ್ಪತ್ತೆರಡು ವರ್ಷ ಲಾರಿಯ ಕ್ಲಚ್ಚು ಒತ್ತಿದ ಕಾಲು ಅದು. ಡಾಕ್ಟರು ಕೂತಿದ್ದ ಗಾಲಿಕುರ್ಚಿಯೇ ಹಿಂದಕ್ಕೆ ಸರಿಯಿತು. ಇವರು ನನ್ನ ಕಡೆ ತಿರುಗಿ ನಕ್ಕರು. ಡಾಕ್ಟರು ಅಂಗವೈಕಲ್ಯ ಶೇಕಡ ಮೂವತ್ತು ಎಂದು ಬರೆದರು. ನಲವತ್ತಾದರೂ ಇಲ್ಲದಿದ್ದರೆ ಪಿಂಚಣಿ ಇಲ್ಲ, ಅಂಗಡಿ ಇಡಲು ಸಾಲ ಇಲ್ಲ, ಏನೂ ಇಲ್ಲ. ಬೇಗ ಬಂದಿದ್ದೀರಿ, ಕಾಲು ಇನ್ನೂ ಸುಧಾರಿಸುತ್ತಿದೆ, ಆರು ತಿಂಗಳು ಬಿಟ್ಟು ಬನ್ನಿ, ಆಗ ಬರೆದದ್ದೇ ಕಾಯಂ ಎಂದು ಹೇಳಿ ಕಳುಹಿಸಿದರು.

ಹೊರಗೆ ಬಂದ ಮೇಲೆ ನಾನು ಜಗಳ ತೆಗೆದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು ಅಂದೆ. ಮನೆಯಲ್ಲಿ ನಾವು ಆಡುವುದು ಉರ್ದು. ಇವರು ಕನ್ನಡಕ್ಕೆ ಇಳಿದರೆ ಕೋಪ ಬಂದಿದೆ ಎಂದು ಅರ್ಥ.

"ಸರ್ಕಾರಾನೇ ನನ್ನ ಗಟ್ಟಿ ಅಂತು. ಅಲ್ಲ ಅನ್ನಕ್ಕೆ ನೀನ್ ಯಾವಳು?" ಅಂದರು.

ಸರ್ಕಾರ ನೋಡಿದ್ದು ಬೆಳಗಿನ ಕಾಲು. ನಾನು ಬಾಳುತ್ತಿರುವುದು ಮಧ್ಯಾಹ್ನದ ಕಾಲಿನ ಜೊತೆ. ಹೋದ ವರ್ಷ ಕೆ.ಆರ್. ಪೇಟೆ ರಸ್ತೆಯಲ್ಲಿ ಟೈರು ಬದಲಿಸುವಾಗ ಜಾಕು ಜಾರಿ, ಲಾರಿ ಇವರ ಎಡ ಮೊಣಕಾಲಿನ ಕೆಳಭಾಗದ ಮೇಲೆ ಕೂತುಬಿಟ್ಟಿತ್ತು. ಮೈಸೂರಿನಲ್ಲಿ ರಾಡು ಹಾಕಿದರು. ಮೂಳೆ ಕೂಡಿತು, ನರ ಕೂಡಲಿಲ್ಲ. ರಾತ್ರಿಯೆಲ್ಲ ಮಲಗಿ ಎದ್ದ ಕಾಲು ಬೆಳಿಗ್ಗೆ ಹೇಳಿದ ಮಾತು ಕೇಳುತ್ತದೆ. ಎರಡು ಗಂಟೆ ಓಡಾಡಿ ಬಿಸಿಲೇರಿತು ಅಂದರೆ ಪಾದ ಬೇರೆ ಯಾರದೋ ಆಗಿಬಿಡುತ್ತದೆ. ಚಪ್ಪಲಿ ಕಳಚಿಕೊಂಡರೂ ಇವರಿಗೆ ಗೊತ್ತಾಗುವುದಿಲ್ಲ, ಹಿಂದೆ ಬರುತ್ತಿರುವ ನಾನು ಎತ್ತಿಕೊಳ್ಳುತ್ತೇನೆ.

ಹೋದ ತಿಂಗಳು ನನ್ನ ತಂಗಿಯ ಮನೆ ಸಾಮಾನು ಸಾಗಿಸಲು ಯಾರದೋ ಗೂಡ್ಸ್ ಗಾಡಿ ಇಸಕೊಂಡು ಇವರೇ ಓಡಿಸಿದರು. ಪಕ್ಕದಲ್ಲಿ ನಾನಿದ್ದೆ. ಪಾಂಡವಪುರ ಸ್ಟೇಷನ್ ಕಡೆಯ ರಸ್ತೆ, ಮಧ್ಯಾಹ್ನ ಒಂದು ಗಂಟೆ, ಸ್ಕೂಲು ಮಕ್ಕಳು ರಸ್ತೆ ದಾಟುತ್ತಿದ್ದವು. ಇವರು ಗೇರಿನಲ್ಲಿಟ್ಟು ಕ್ಲಚ್ಚು ಒತ್ತಿಕೊಂಡು ಕಾಯುತ್ತಿದ್ದರು. ಇದ್ದಕ್ಕಿದ್ದ ಹಾಗೆ ಪಾದ ಜಾರಿತು. ಗಾಡಿ ಮುಂದಕ್ಕೆ ಹಾರಿ ನಿಂತುಹೋಯಿತು. ಒಂದು ಹುಡುಗಿಯ ಬ್ಯಾಗು ಬಂಪರಿಗೆ ತಗುಲಿ ಕೆಳಗೆ ಬಿತ್ತು. ಬ್ಯಾಗು ಮಾತ್ರ. ಗಾಡಿ ಹಳೆಯದು ಅಂದರು ಇವರು. ನಾನು ಆವತ್ತಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ಈಗ ಕಬ್ಬು ಸಾಗಿಸುವ ಕಾಲ ಬಂದಿದೆ. ಇವರ ಲಾರಿ ಮಾಲೀಕ ಪಾಂಡವಪುರದ ಕಿಶನ್, ಕೆಟ್ಟ ಮನುಷ್ಯನೇನಲ್ಲ. ಡಾಕ್ಟರು ಮತ್ತೆ ನಲವತ್ತರ ಒಳಗೇ ಬರೆದರೆ ಸೋಮವಾರದಿಂದ ಲಾರಿ ನಿಮ್ಮದೇ ವಾಹಿದ್ ಭಾಯಿ, ದಾಟಿದರೆ ಮಾತ್ರ ಸ್ಟೇರಿಂಗು ಕೊಡಲಾರೆ, ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತೆ ಎಂದಿದ್ದ. ಇವರು ಒಪ್ಪಿಕೊಂಡು ಬಂದಿದ್ದರು. ಅಂಗವಿಕಲರ ಅರ್ಜಿಗಳನ್ನು ನೋಡಿಕೊಳ್ಳುವ ಚಿಕ್ಕಮಾದಯ್ಯನವರು, ತಾವೂ ಪೋಲಿಯೋ ಕಾಲಿನವರು, ಶುಕ್ರವಾರ ಪಾಂಡವಪುರದಲ್ಲಿ ನಾಲ್ಕು ತಾಲ್ಲೂಕಿನವರಿಗೂ ತಪಾಸಣಾ ಶಿಬಿರ ಇದೆ, ಒಂದು ಗಂಟೆಗೆ ಮುಗಿಸುತ್ತಾರೆ, ಈ ಸಲ ತಪ್ಪಿದರೆ ಮುಂದಿನದು ಯಾವಾಗಲೋ ಎಂದು ಫೋನು ಮಾಡಿದರು. ಶುಕ್ರವಾರ ಆದಮೇಲೆ ಎರಡೇ ದಿನ ಬಿಟ್ಟರೆ ಸೋಮವಾರ. ನನಗೆ ಪಿಂಚಣಿಯೂ ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಇವರು ಆ ಲಾರಿ ಹತ್ತಬಾರದಿತ್ತು.

ಗಂಜಾಂನಲ್ಲಿ ನಮ್ಮ ಪಕ್ಕದ ಮನೆಯ ಖೈರುನ್ನೀಸಾ ಬುದ್ಧಿ ಹೇಳಿದಳು. ಗಾಳಿ ಬಂದಾಗ ತೂರಿಕೊಳ್ಳಬೇಕಂತೆ. ಹರಿದ ಷರ್ಟು ಹಾಕಿಸು, ಗಡ್ಡ ಬಿಡಿಸು, ಒತ್ತಿ ಅಂದಾಗ ಒತ್ತಬೇಡ ಅನ್ನು, ಎಲ್ಲರೂ ಮಾಡುವುದೇ ಅದು ಎಂದಳು. ಇವರ ಮುಂದೆ ಹಾಗೆ ಹೇಳುವವರು ಯಾರು? ಇವರು ಹಿಡಿದ ಮೊಲಕ್ಕೆ ಮೂರೇ ಕಾಲು. ಒತ್ತಬೇಡಿ ಅಂದರೆ ಡಾಕ್ಟರನ್ನೇ ಗೋಡೆಗೆ ಒತ್ತಿ ಬರುತ್ತಾರೆ. ನನಗೂ ಸುಳ್ಳು ಬೇಡವಾಗಿತ್ತು. ದಿನದಲ್ಲಿ ಯಾವ ಹೊತ್ತಿನ ಕಾಲನ್ನು ಡಾಕ್ಟರು ನೋಡಬೇಕು ಅನ್ನುವುದಷ್ಟೇ ನಾನು ಮಾಡಿಕೊಂಡ ತೀರ್ಮಾನ. ಅದನ್ನು ಯಾರಿಗೂ ಹೇಳಲಿಲ್ಲ.

ಶುಕ್ರವಾರ ಇವರು ಏಳಕ್ಕೇ ಅತ್ತರು ಹಚ್ಚಿಕೊಂಡು ತಯಾರಾಗಿ ನಿಂತರು. ನಾನು ಆಧಾರ್ ಕಾರ್ಡು ಹುಡುಕಿದೆ. ಅದು ನನ್ನ ಬ್ಯಾಗಿನಲ್ಲೇ ಇತ್ತು. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಇವರು ಕನ್ನಡಕ್ಕೆ ಇಳಿದರು. ಪಾಂಡವಪುರದಲ್ಲಿ ಇಳಿದಾಗ ಆಟೋದವರು ಕರೆದರೂ ನಾನು ಮುಖ ತಿರುಗಿಸಿ ನಡೆದೆ. ಸುತ್ತಿನ ದಾರಿ ಹಿಡಿದೆ. ಮಾರ್ಕೆಟ್ಟಿನಲ್ಲಿ ಬೇಕಿಲ್ಲದ ಈರುಳ್ಳಿ ಕೊಂಡೆ. ಹಿಂದೆ ಇವರ ಎಡಗಾಲು ನೆಲ ಕೆರೆಯುವ ಸದ್ದು ಮೊದಲು ಇರಲಿಲ್ಲ, ಆಮೇಲೆ ಆಗಾಗ ಕೇಳಿಸಿತು, ಶಿಬಿರ ನಡೆಯುತ್ತಿದ್ದ ಸಮುದಾಯ ಭವನ ಮುಟ್ಟುವ ಹೊತ್ತಿಗೆ ಹೆಜ್ಜೆ ಹೆಜ್ಜೆಗೂ ಕೇಳಿಸುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಆಟೋ ಕರೆದುಬಿಡುತ್ತಿದ್ದೆ.

ಭವನದಲ್ಲಿ ಜನವೋ ಜನ. ಹನ್ನೊಂದೂವರೆಗೆ ನಮ್ಮ ಸರದಿ ಬಂತು. ನಾಗಮಂಗಲದ ಕಡೆಯ ಮಂಚಯ್ಯ ಎಂಬ ಮುದುಕ ಮೊದಲ ಬಸ್ಸಿಗೇ ಬಂದು ಹಸಿದು ಕೂತಿದ್ದ. ನೀವು ಹೋಗಿ ಅಜ್ಜ ಅಂದೆ. ಅವನು ಕೈ ಮುಗಿದ. ಆಮೇಲೆ ಮಗು ಎತ್ತಿಕೊಂಡಿದ್ದ ಒಬ್ಬ ತಾಯಿ, ಆಮೇಲೆ ಇನ್ನಿಬ್ಬರು. ಎಲ್ಲರೂ ನನಗೆ ಪುಣ್ಯ ಬರಲಿ ಅಂದರು. ನಾನು ಮಾಡುತ್ತಿದ್ದ ಕೆಲಸ ದೇವರಿಗೆ ಗೊತ್ತಿತ್ತು. ಕುರ್ಚಿ ಖಾಲಿಯಾದಾಗಲೂ ಇವರು ಕೂರಲಿಲ್ಲ. ಕೂರುವುದು ರೋಗಿಗಳ ಕೆಲಸವಂತೆ. ಗೋಡೆಗೆ ಒರಗಿ ನಿಂತು ತುಟಿ ಕಚ್ಚಿಕೊಂಡಿದ್ದರು. ಷರ್ಟು ಬೆನ್ನಿಗೆ ಅಂಟಿತ್ತು. ಗಂಡನ ಕಾಲು ಸೋಲಲಿ ಎಂದು ಕಾಯುವ ಹೆಂಡತಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. ನನ್ನ ಮೇಲೇ ನನಗೆ ಅಸಹ್ಯ ಬಂತು.

ಹನ್ನೆರಡು ಮುಕ್ಕಾಲಿಗೆ ಬಾಗಿಲಲ್ಲಿದ್ದ ಗುಮಾಸ್ತ ಇನ್ನು ಎರಡೇ ಎರಡು, ಆಮೇಲೆ ಬಂದ್ ಎಂದು ಕೂಗಿದ. ಅತಿ ಮಾಡಿಬಿಟ್ಟೆನೇನೋ ಎಂದು ಇವರ ತೋಳು ಹಿಡಿದು ಒಳಗೆ ನುಗ್ಗಿದೆ.

ಅದೇ ಡಾಕ್ಟರು. ಪಕ್ಕದಲ್ಲಿ ಇನ್ನೊಬ್ಬರು, ವಯಸ್ಸಾದವರು. ಮಂಚದ ಮೇಲೆ ಕೂರಿಸಿ, ಅದೇ ಅಂಗೈಯನ್ನು ಪಾದಕ್ಕೆ ಕೊಟ್ಟು, ಒತ್ತಿ ಅಂದರು. ಇವರು ಒತ್ತಿದರು. ಕುತ್ತಿಗೆಯ ನರ ಉಬ್ಬಿತು, ಎರಡೂ ಕೈ ಮಂಚದ ಅಂಚನ್ನು ಹಿಡಿದವು, ಹಣೆಯಿಂದ ಬೆವರು ಹನಿಯಿತು. ಪಾದ ಮಾತ್ರ ಅಲ್ಲಾಡಲಿಲ್ಲ. ಇವರು ನಿಜವಾಗಿಯೂ ಒತ್ತುತ್ತಿದ್ದರು. ಅದು ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಹಿರಿಯ ಡಾಕ್ಟರು ಹಳೆಯ ಹಾಳೆ ತಿರುವಿ ಕಿರಿಯರಿಗೆ ತೋರಿಸಿದರು. ಆವತ್ತು ಐದಕ್ಕೆ ನಾಲ್ಕು ಬಲ ಇತ್ತು, ಇವತ್ತು ಒಂದೂ ಇಲ್ಲ, ಆರು ತಿಂಗಳಲ್ಲಿ ಯಾರ ಕಾಲೂ ಹೀಗೆ ಹಿಂದಕ್ಕೆ ಹೋಗುವುದಿಲ್ಲ ಎಂದರು. ಬೆಳಿಗ್ಗೆಯಿಂದ ಇಂಥ ಎಷ್ಟು ಜನರನ್ನು ನೋಡಿದ್ದರೋ ಪಾಪ, ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ. ನಾಟಕ ಬೇಡಪ್ಪ. ಹಳೇ ಮೂವತ್ತನ್ನೇ ಕಾಯಂ ಮಾಡಿ ಕಳಿಸಿ," ಅಂದರು.

ಇಷ್ಟು ಹೊತ್ತು ಕಾಯಿಸಿದ್ದು ಇದಕ್ಕಾ? ನಾನೇ ಬೇಕೆಂದು ತಡಮಾಡಿದೆ, ನಡೆಸಿಕೊಂಡು ಬಂದೆ ಎಂದು ಹೇಳಲು ಹೋದರೆ ಅದೂ ಹೇಳಿಕೊಟ್ಟ ಹಾಗೇ ಕೇಳಿಸುತ್ತದೆ. ಕಿರಿಯರು ಹಾಳೆಯ ಮೇಲೆ ಪೆನ್ನು ಇಟ್ಟರು. ಇವರು ಒಂದು ಮಾತೂ ಆಡದೆ ಎದ್ದು ಹೋದರೆ ಸಾಕಿತ್ತು, ಸೋಮವಾರ ಲಾರಿ ಇವರದು. ಇವರು ಬಯಸಿದ್ದು ತಾನಾಗಿ ಕೈಗೆ ಬಂದಿತ್ತು. ಇವರು ಎದ್ದೂ ಎದ್ದರು. ಚಪ್ಪಲಿಗೆ ಕಾಲು ಹಾಕಲು ನೋಡಿದರು. ಪಾದ ಚಪ್ಪಲಿಯ ಪಕ್ಕಕ್ಕೆ ಹೋಯಿತು, ಇನ್ನೊಮ್ಮೆಯೂ ಪಕ್ಕಕ್ಕೇ ಹೋಯಿತು. ನಾನು ಬಗ್ಗಲು ಹೋದೆ. ಬೇಡ ಎಂದು ನನ್ನ ಭುಜ ಹಿಡಿದು ನಿಲ್ಲಿಸಿದರು.

"ನಾಟ್ಕ ಆಡಿದ್ದು ಆವತ್ತು ಸಾರ್, ಇವತ್ತಲ್ಲ," ಅಂದರು. ಡಾಕ್ಟರು ತಲೆಯೆತ್ತಿದರು. "ಬೆಳಗ್ಗೆ ಹೊತ್ನಲ್ಲಿ ಒತ್ತುತೀನಿ. ಹನ್ನೊಂದ್ ಗಂಟೆ ದಾಟ್ತು ಅಂದ್ರೆ ಈ ಕಾಲು ನಂದಲ್ಲ. ಈವಮ್ಮಂಗೆ ಗೊತ್ತು, ಅದ್ಕೇ ಸುತ್ತಾಡ್ಸ್ಕಂಡ್ ಕರ್ಕಬಂದವ್ಳೆ. ನಂಗೂ ಗೊತ್ತಾಯ್ತು, ಸುಮ್ನೆ ಬಂದೆ."

ನಾನು ನೆಲ ನೋಡಿದೆ. ಇವರು ನಿಲ್ಲಿಸಲಿಲ್ಲ.

"ಹೋದ ತಿಂಗ್ಳು ಒಂದು ಹೆಣ್ಮಗೂನ ಕೊಂದ್ಬುಡ್ತಿದ್ದೆ ಸಾರ್. ಗಾಡಿ ಹಳೇದು ಅಂತ ಸುಳ್ ಹೇಳ್ಬುಟ್ಟೆ. ಗಾಡಿ ಸರಿಯಾಗೇ ಇತ್ತು."

ಹಿರಿಯ ಡಾಕ್ಟರು ಎದ್ದು ಬಂದು, ಮತ್ತೆ ಮಲಗಿಸಿ, ಇವರ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಪಾದಕ್ಕೆ ಸೂಜಿ ಚುಚ್ಚಿ ನೋಡಿದರು. ಐದು ಕಡೆ ಚುಚ್ಚಿದರು. ಚುಚ್ಚುವುದು ಯಾವಾಗ ಶುರು ಮಾಡುತ್ತೀರಿ ಎಂದು ಇವರು ಗೋಡೆಯನ್ನೇ ನೋಡುತ್ತಾ ಕೇಳಿದರು. ಡಾಕ್ಟರು ಸೂಜಿ ಕೆಳಗಿಟ್ಟರು. ಒಂದು ಗಂಟೆ ದಾಟಿತ್ತು, ಬಾಗಿಲು ಹಾಕಲು ಬಂದ ಗುಮಾಸ್ತನನ್ನು ಅವರೇ ತಡೆದರು. ಇಬ್ಬರೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಐವತ್ತೆರಡು ಎಂದು ಬರೆದರು. ಕಾಯಂ ಎಂದೂ ಬರೆದರು.

ಫಾರಂ ತುಂಬುವ ಗುಮಾಸ್ತ ಹೆಸರು, ಊರು, ವಯಸ್ಸು ಕೇಳಿದ. ಆಮೇಲೆ ಕೆಲಸ ಏನು ಎಂದು ಕೇಳಿದ. ಡ್ರೈವರ್ ಎಂದು ನಾನು ಹೇಳಿದೆ. ಅವನು ಬರೆಯತೊಡಗಿದ.

"ಡ್ರೈವರ್ ಆಗಿದ್ದೆ ಅಂತ ಬರ್ಕಳಪ್ಪ," ಅಂದರು ಇವರು.

ವರ್ಷದಿಂದ ನಾನು ಅತ್ತು ಕರೆದು, ಜಗಳವಾಡಿ, ಕೊನೆಗೆ ಬಿಸಿಲಲ್ಲಿ ನಡೆಸಿ ಇವರಿಂದ ಪಡೆಯಬೇಕೆಂದಿದ್ದು ಈ ಮಾತನ್ನೇ. ಗುಮಾಸ್ತ ತಲೆಯಾಡಿಸಿ ಪೆನ್ನು ಹಾಳೆಗೆ ತಂದಾಗ, ನನಗೆ ಅವನ ಕೈ ಹಿಡಿದು ತಡೆಯಬೇಕು ಅನ್ನಿಸಿತು.