ಎಂಟನೇ ಪುಟದ ಕಲ್ಲು

‘ಮಿರಿಯಂ ಅಜ್ಜಿಯ ಸಮಾಧಿಯ ಮೇಲೆ ಒಂದು ಕಲ್ಲಿಟ್ಟು ಹೊರಡುತ್ತಾಳೆ.’

ಎಂಟನೇ ಪುಟಕ್ಕೆ ಚಿತ್ರ ಬರೆಯಲು ಕೂತ ಬೀನಾಳಿಗೆ ಈ ಸಾಲಿನ ತಲೆಬುಡ ತಿಳಿಯಲಿಲ್ಲ. ಮುಂಬೈನ ಯೆಹೂದಿ ಲೇಖಕಿ ರೂತ್ ಮಕ್ಕಳಿಗೆಂದು ಬರೆದು, ಒಂದೊಂದೇ ಅಧ್ಯಾಯ ಕಳಿಸುತ್ತಿದ್ದ ಮಾಯಾಲೋಕದ ಚಿತ್ರಕಾದಂಬರಿ ಅದು. ಚಿತ್ರ ಬರೆಯಲು ಬೀನಾಳಿಗೆ ಸಿಕ್ಕ ಮೊದಲ ಪುಸ್ತಕ. ರೆಕ್ಕೆಯ ಭೂತಗಳನ್ನೂ ಮಾತಾಡುವ ದೀಪಗಳನ್ನೂ ಲೀಲಾಜಾಲವಾಗಿ ಬರೆದಿದ್ದಳು. ಆದರೆ ಅನ್ನಕ್ಕೆ ಕಲ್ಲು ಹಾಕುವವರನ್ನು ಕಂಡಿದ್ದಳೇ ಹೊರತು, ಅಜ್ಜಿಯ ಗೋರಿಗೆ ಕಲ್ಲಿಡುವ ಮೊಮ್ಮಗಳನ್ನು ಕಂಡಿರಲಿಲ್ಲ.

ಅಪ್ಪ ಮೈಕಲಪ್ಪ ಕನ್ನಡಕ ಏರಿಸಿ ನೋಡಿದರು. “ಬರೆಯೋವಾಗ ತಪ್ಪಾಗಿರ್ಬೇಕು ಕಣಮ್ಮ. ಹೂವು ಹಾಕ್ಬುಡು.”

ಯಾದವಗಿರಿಯ ಆ ಕ್ರೈಸ್ತ ಮನೆಯಲ್ಲಿ ಸತ್ತವರಿಗೆ ಸೇವಂತಿಗೆ, ಮೇಣದಬತ್ತಿ, ಅಷ್ಟೇ. ಬೀನಾ ಹಳದಿ ಸೇವಂತಿಗೆ ಬರೆದಳು. ರೂತ್‌ಳನ್ನು ಒಂದು ಮಾತು ಕೇಳಬಹುದಿತ್ತು. ಅಪ್ಪ ಮಗಳು ಸೇರಿ ಲೇಖಕಿಯನ್ನೇ ತಿದ್ದಿಬಿಟ್ಟರು.

ತಿಂಗಳ ನಂತರ ಕೊನೆಯ ಅಧ್ಯಾಯ ಬಂತು. ಮರೆವಿನ ಭೂತ ಊರನ್ನೆಲ್ಲ ಆವರಿಸಿದೆ. ಮಿರಿಯಂಗೆ ತನ್ನ ಹೆಸರೇ ನೆನಪಿಲ್ಲ. ಆಗ ಅವಳು ಇಟ್ಟಿದ್ದ ಕಲ್ಲು ಬಾಯಿಬಿಟ್ಟು ದಾರಿ ಹೇಳುತ್ತದೆ. ಯಾವ ಕಲ್ಲು? ಬೀನಾ ಹಿಂದಿನ ಪುಟಗಳನ್ನು ತಿರುವಿದಳು. ಎಂಟನೇ ಪುಟದ ಸೇವಂತಿಗೆ ಕಂಡದ್ದೇ ರೂತ್‌ಗೆ ಫೋನ್ ಮಾಡಿದಳು.

ಫೋನಿನಲ್ಲಿ ರೂತ್ ಇಂಗ್ಲಿಷಿನಲ್ಲಿ, ತುಂಬ ನಿಧಾನವಾಗಿ ಹೇಳಿದಳು. ಹೂವು ಬಾಡುತ್ತದೆ, ಕಲ್ಲು ಉಳಿಯುತ್ತದೆ. ನಾನು ಬಂದಿದ್ದೆ ಎಂದು ಯೆಹೂದಿಗಳು ಸತ್ತವರಿಗೆ ತಿಳಿಸುವುದು ಹಾಗೆ. ಸೋಮವಾರದೊಳಗೆ ಆ ಪುಟ ಸರಿಹೋಗದಿದ್ದರೆ ಪುಸ್ತಕ ಬೇರೆಯವರ ಕೈಗೆ.

ಬೀನಾ ಎಷ್ಟು ಸಲ ಬರೆದರೂ ಅದು ಯಾರೋ ಎಸೆದ ಕಲ್ಲಿನಂತೆಯೇ ಕಂಡಿತು. ಭಾನುವಾರ ಚರ್ಚು ಮುಗಿಸಿ ಅಪ್ಪನ ಹಿಂದೆ ಸಮಾಧಿಗಳತ್ತ ಹೋದಳು. ಅಮ್ಮ ರೋಸಮ್ಮನನ್ನು ಮಣ್ಣು ಮಾಡಿ ವರ್ಷವಾಗಿದ್ದರೂ ಅವಳು ಅತ್ತ ಕಾಲಿಟ್ಟಿರಲಿಲ್ಲ, ಧೈರ್ಯವಿರಲಿಲ್ಲ. ಚಿತ್ರಕ್ಕೆಂದಷ್ಟೇ ಬಂದೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು, ಒಂದು ಕಲ್ಲು ಹೆಕ್ಕಿ ಅಮ್ಮನ ಹೆಸರಿನ ಪಕ್ಕ ಇಟ್ಟಳು. ಕಣ್ಣೊರೆಸಿಕೊಳ್ಳುತ್ತಲೇ ಬರೆದಳು. ಈ ಸಲ ಸರಿಯಾಗಿ ಬಂತು.

“ಬರೆದಾಯ್ತಲ್ಲ, ಕಲ್ಲು ತೆಗೆದ್ಬುಡು,” ಎಂದರು ಮೈಕಲಪ್ಪ.

“ಇರ್ಲಿ ಅಪ್ಪ. ನಾನು ಬಂದಿದ್ದೆ ಅಂತ ಅಮ್ಮಂಗೆ ಗೊತ್ತಾಗ್ಲಿ.”

ಮೈಕಲಪ್ಪ ಹೋದ ವಾರ ತಾವೇ ಇಟ್ಟಿದ್ದ ಸೇವಂತಿಗೆಯ ಒಣ ಕಡ್ಡಿಗಳನ್ನು ನೋಡಿದರು, ಕಲ್ಲನ್ನು ನೋಡಿದರು. ಆಮೇಲೆ ಬಗ್ಗಿ ನೆಲ ತಡಕಾಡತೊಡಗಿದರು.

“ಯಾವ ಕಲ್ಲಾದ್ರೂ ಆಗುತ್ತೇನಮ್ಮ?”