ಫ್ಲಾಸ್ಕ್ ನಕ್ಷತ್ರ

ತಿಂಗಳ ಕೊನೆಗೆ ನಿವೃತ್ತಿಯಾಗಲಿದ್ದ ಖಗೋಳ ವಿಜ್ಞಾನಿಗೆ ಬೀಳ್ಕೊಡುಗೆಯಾಗಿ ಸಿಕ್ಕಿದ್ದು ದೂರದರ್ಶಕದಲ್ಲಿ ಯಾರಿಗೂ ಬೇಡವಾದ ಹೊತ್ತು, ಸೂರ್ಯ ಹುಟ್ಟಿದ ಮೇಲಿನದು. ಕಣ್ಣಿಗೆ ಕಾಣುವ ಬೆಳಕನ್ನೇ ನೆಚ್ಚಿದವರು ಆಗ ಅಂಗಡಿ ಮುಚ್ಚಿ ಮಲಗುತ್ತಾರೆ. ಅವಕೆಂಪು ಕಿರಣ ಹಿಡಿಯುವವರಿಗೆ ಮಾತ್ರ ಹಗಲಲ್ಲೂ ಒಂದಷ್ಟು ನಕ್ಷತ್ರಗಳು ಸಿಗುತ್ತವೆ. ಒಲೆ ಆರಿಸಿದ ಮೇಲೂ ಅಂಗೈಗೆ ತಾಗುತ್ತದಲ್ಲ, ಕಣ್ಣಿಗೆ ಕಾಣದ ಆ ಕಾವೇ ಅವರ ಬೆಳಕು. ಫಜೀತಿ ಏನೆಂದರೆ, ಈ ಬೆಳಕಿನಲ್ಲಿ ಬೆಚ್ಚಗಿರುವುದೆಲ್ಲ ಹೊಳೆಯುತ್ತದೆ. ದೂರದರ್ಶಕದ ಕನ್ನಡಿ, ಗೋಡೆ, ಪಕ್ಕದಲ್ಲಿ ನಿಂತ ಮನುಷ್ಯ ಕೂಡ. ಆಕಾಶದ್ದು ಯಾವುದು, ನಮ್ಮದು ಯಾವುದು ಎಂದು ಬೇರೆ ಮಾಡುವುದರಲ್ಲೇ ಅರ್ಧ ಆಯುಸ್ಸು ಕಳೆಯುತ್ತದೆ.

ಆಕೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಧೂಳಿನ ಮೋಡವೊಂದರ ಒಡಲಲ್ಲಿ ಆಗಷ್ಟೇ ಹುಟ್ಟುತ್ತಿರುವ ನಕ್ಷತ್ರ ಕಂಡೆ ಎಂದಿದ್ದಳು. "ಅದು ನಕ್ಷತ್ರ ಅಲ್ಲ, ನಿಮ್ಮ ಕಾಫಿ ಫ್ಲಾಸ್ಕಿನ ಬಿಸಿ," ಎಂದು ಜೊತೆಗಾರನೊಬ್ಬ ಎಲ್ಲರನ್ನೂ ನಗಿಸಿದ. ಎರಡನೇ ಸಲ ನೋಡುವ ಮೊದಲೇ ದೂರದರ್ಶಕದ ಕ್ಯಾಮೆರಾ ಕೆಟ್ಟಿತು. ಹೊಸ ದೂರದರ್ಶಕದಲ್ಲಿ ಹೊತ್ತು ಕೇಳಿ ಅರ್ಜಿ ಹಾಕಿದಾಗಲೆಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾಳೆ ಎಂದು ಆಡಿಕೊಂಡರು. ಆಮೇಲೆ ಆಕೆ ಗ್ಯಾಲಕ್ಸಿಗಳನ್ನು ಅಳೆದು ದೊಡ್ಡ ಹೆಸರು ಮಾಡಿದಳು. ಜೊತೆಗಾರ ಡೈರೆಕ್ಟರ್ ಆದ. ಆ ಚುಕ್ಕಿ ಮಾತ್ರ 'ಫ್ಲಾಸ್ಕ್ ನಕ್ಷತ್ರ'ವಾಗಿಯೇ ಉಳಿಯಿತು.

ಆ ಹೆಸರು ಮನೆಗೂ ಬಂತು. ದಿನಾ ಫ್ಲಾಸ್ಕ್ ತುಂಬಿ ಕೊಡುತ್ತಿದ್ದ ಅತ್ತೆ, ಇದು ತಮ್ಮ ಕಾಫಿಗೆ ಸಂದ ಗೌರವ ಎಂದೇ ತಿಳಿದು ಇಡೀ ಬೀದಿಗೆ ಡಂಗುರ ಸಾರಿದರು. ಹಲ್ಲಿನ ಡಾಕ್ಟರಂತೂ ಇವರ ಬಾಯಿ ಬಿಡಿಸಿ ತಪ್ಪು ಮಾಡಿದೆ ಎಂದುಕೊಂಡಿರಬೇಕು. ಅದು ಲೇವಡಿ ಎಂದು ಹೇಳಲು ಸೊಸೆಗೆ ಯಾವತ್ತೂ ಬಾಯಿ ಬರಲಿಲ್ಲ. ಇವತ್ತು, ಬೀಳ್ಕೊಡುಗೆಯ ಹೊತ್ತಿನಲ್ಲಿ ಮತ್ತೆ ನೋಡಿದಾಗ, ಆ ಚುಕ್ಕಿ ಸುಳ್ಳೆಂದಾದರೆ ಎಲ್ಲವನ್ನೂ ಹೇಳಲೇಬೇಕು. ತನ್ನ ಸೋಲನ್ನು ಹೇಗೋ ನುಂಗಿಕೊಳ್ಳಬಹುದು, ಅತ್ತೆಯ ಮುಖ ಬಾಡುವುದನ್ನು ನೋಡುವುದು ಹೇಗೆ?

ಅದೂ ಕಣ್ಣೆದುರೇ. "ನನ್ನ ನಕ್ಷತ್ರ ನಾನು ನೋಡ್ಬೇಡ್ವಾ?" ಎಂದು ಹಠ ಹಿಡಿದು ಬಂದ ಅತ್ತೆ, ಕೋಣೆಯಲ್ಲಿದ್ದ ಒಂದೇ ಮೆತ್ತನೆಯ ಕುರ್ಚಿಯಲ್ಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದು ಡೈರೆಕ್ಟರ ಕುರ್ಚಿ. ಪಾಪ, ಅವರು ಗೋಡೆಗೊರಗಿ ನಿಂತಿದ್ದರು. ದೂರದರ್ಶಕವಿದ್ದದ್ದು ಎಲ್ಲೋ ದೂರದ ಬೆಟ್ಟದ ಮೇಲೆ, ಅದನ್ನು ನಡೆಸುವುದು ಊರೊಳಗಿನ ಈ ಕೋಣೆಯಿಂದ. ಈ ಸಲ ಫ್ಲಾಸ್ಕಿನ ಮೇಲೆ ಗೂಬೆ ಕೂರಿಸುವಂತಿರಲಿಲ್ಲ.

ಪರದೆಯ ಮೇಲೆ ಎರಡು ಚುಕ್ಕಿ ಮೂಡಿದವು. ಮೂಲೆಯಲ್ಲಿದ್ದದ್ದು ಎಲ್ಲರಿಗೂ ಗೊತ್ತಿರುವ ಹಳೇ ನಕ್ಷತ್ರ. ನಡುವೆ ಇದ್ದದ್ದು ಆಕೆಯದು. ಇನ್ನು ಉಳಿದದ್ದು ಒಂದೇ ಪರೀಕ್ಷೆ. ದೂರದರ್ಶಕವನ್ನು ಚೂರು ಸರಿಸಿದರೆ ಆಕಾಶದ ಚುಕ್ಕಿ ಚಿತ್ರದಲ್ಲಿ ಜಾಗ ಬದಲಿಸುತ್ತದೆ. ಯಂತ್ರದ ಬಿಸಿಯಾದರೆ ಕೂತಲ್ಲೇ ಕೂತಿರುತ್ತದೆ.

"ಪೂರ್ವಕ್ಕೆ ಸರಿಸಿ," ಎಂದಳು.

ಆಪರೇಟರ್ ಗುಂಡಿ ಒತ್ತಿದ. ಹೊಸ ಚಿತ್ರ ಬಂತು. ಚುಕ್ಕಿ ಕೂತಲ್ಲೇ ಕೂತಿತ್ತು.

ಡೈರೆಕ್ಟರು ಗಂಟಲು ಸರಿಮಾಡಿಕೊಂಡರು. ಆಕೆ ಎದ್ದು ಪರದೆಯ ಹತ್ತಿರ ಹೋದಳು.

"ಯಾಕ್ರೋ ಎಲ್ಲ ಬಾಯಿಗೆ ಬೀಗ ಹಾಕ್ಕೊಂಡ್ರಿ?" ಎಂದರು ಅತ್ತೆ. "ಏನಾಯ್ತೇ?"

"ಅತ್ತೆ, ಅದು... ಇಲ್ಲಿ ನೋಡಿ. ನಿಜವಾದ ನಕ್ಷತ್ರ ಆಗಿದ್ರೆ ಸರೀಬೇಕಿತ್ತು. ಈ ಮೂಲೇದು ಹೇಗೆ ಸರಿದಿದೆಯೋ ಹಾಗೆ..."

ಬೆರಳು ಮೂಲೆಯಲ್ಲೇ ನಿಂತಿತು. ಹಳೇ ನಕ್ಷತ್ರವೂ ಕದಲಿರಲಿಲ್ಲ.

"ದೂರದರ್ಶಕ ಸರೀತಾ?"

ಹಗಲು ಪಾಳಿಯ ಅಭ್ಯಾಸವಿಲ್ಲದ ಆಪರೇಟರ್ ಪಕ್ಕದ ಪರದೆ ನೋಡಿ ನಾಲಿಗೆ ಕಚ್ಚಿಕೊಂಡ. "ಇಲ್ಲ ಮೇಡಂ. ಆ ಕಡೆ ಸೂರ್ಯ ಇದ್ದಾನೆ. ಕನ್ನಡಿ ಅವನ ಕಡೆ ತಿರುಗದ ಹಾಗೆ ತಡೆ ಹಾಕಿರ್ತಾರೆ, ಅದರ ಅಂಚಲ್ಲೇ ಇದ್ದೀವಿ. ಒಂಚೂರೂ ಅಲ್ಲಾಡಿಲ್ಲ."

"ಹಾಗಾದ್ರೆ ಪಶ್ಚಿಮಕ್ಕೆ."

ಎರಡೂ ಚುಕ್ಕಿಗಳು ಅಕ್ಕತಂಗಿಯರಂತೆ ಜೊತೆಜೊತೆಗೆ ಸರಿದವು. ಇನ್ನೊಮ್ಮೆ ಸರಿಸಿದರು, ಇನ್ನೊಮ್ಮೆ ಸರಿದವು. ಆಕೆಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅತ್ತೆಯ ಕೈ ಹಿಡಿದುಕೊಂಡು ಎರಡನ್ನೂ ಮಾಡಿದಳು. ಇಷ್ಟು ವರ್ಷ ಹೊತ್ತಿದ್ದ ಭಾರ ಇಳಿದು ಮೈ ಹಗುರಾಗಿತ್ತು.

"ಇನ್ನು ಆ ಹೆಸರು ಬದಲಾಯಿಸೋಣ ಮೇಡಂ," ಎಂದರು ಡೈರೆಕ್ಟರು ಮೆತ್ತಗೆ.

ಅತ್ತೆ ನೆಟ್ಟಗೆ ಕೂತರು. "ಯಾಕಪ್ಪ ಬದಲಾಯಿಸ್ಬೇಕು? ಎಷ್ಟು ಚೆನ್ನಾಗಿದೆ. ಯಾರು ಇಟ್ಟಿದ್ದು ಅದನ್ನ?"

ಡೈರೆಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಅವರಿಗೆ ಮುಟ್ಟಿನೋಡಿಕೊಳ್ಳುವ ಹಾಗೆ ಕೊಡಲು ಆಕೆ ಬೇಕಾದಷ್ಟು ಮಾತು ಕೂಡಿಟ್ಟಿದ್ದಳು. ಈಗ ಒಂದೂ ಬೇಕೆನಿಸಲಿಲ್ಲ.

"ಇವರೇ ಇಟ್ಟಿದ್ದು ಅತ್ತೆ."

"ಹೌದೇನಪ್ಪ?" ಅತ್ತೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಅದರಲ್ಲೇ ಕಾಫಿ ಸುರಿದು ಅವರ ಕೈಗಿತ್ತರು. "ತಗೋ, ಕುಡಿ. ದೊಡ್ಡ ಮನಸ್ಸು ನಿಂದು."

ಡೈರೆಕ್ಟರು ತಲೆ ತಗ್ಗಿಸಿ ಕುಡಿಯತೊಡಗಿದರು.

"ಬಿಸಿ ಸಾಕಾ ಸಾರ್?" ಎಂದು ಕೇಳಿದಳು ಸೊಸೆ.